ಸೆರಗಿನಲ್ಲಿ ಉಳಿದ ಚರಿತ್ರೆ

ಬೆಂಗಳೂರಿನ ಉಡುಪಿನ ಚರಿತ್ರೆಯನ್ನು ಬರೆಯಹೊರಟವರು ಎರಡು ಊರುಗಳ ಕಥೆಯನ್ನು ಹೇಳಬೇಕಾಗುತ್ತದೆ. ಕೆಂಪೇಗೌಡರ ಪೇಟೆ ನೆಯ್ಗೆಯ ಊರು; ದೇವಾಂಗರೂ ಪಟ್ಟೆಗಾರರೂ ಮಗ್ಗ ನಂಬಿ ಬದುಕಿದ ಊರು. 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡಾದರೋ ಹೊಲಿಗೆಯ ಊರು. ಸಿಪಾಯಿಯ ಸಮವಸ್ತ್ರ, ದೊರೆಸಾನಿಯ ನಿಲುವಂಗಿಗಳ ಊರು. ಇವೆರಡರ ಪುರಸಭೆಗಳು ಒಂದಾದದ್ದು 1949ರಲ್ಲಿ. ಆಡಳಿತ ಒಂದಾದ ಮಾತ್ರಕ್ಕೆ ಅಭಿರುಚಿ ಒಂದಾದೀತೆ? ದಂಡಿನ ಅಂಗಡಿಗಳ ದೃಷ್ಟಿ ಬಹುಕಾಲ ಲಂಡನ್ನಿನತ್ತಲೇ ನೆಟ್ಟಿತ್ತು.

ಆ ದೃಷ್ಟಿ ಒಳಮುಖವಾದುದಕ್ಕೆ ಒಂದು ನಿದರ್ಶನ, ವಿಕ್ಟೋರಿಯಾ ಬಡಾವಣೆಯ 'ವಿಮೋರ್' ಸಂಸ್ಥೆ. ಚಿಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ಇದನ್ನು ಆರಂಭಿಸಿದರು. ದೇವಿಗೆ ಭಕ್ತರು ಅರ್ಪಿಸಿದ ಸೀರೆಗಳನ್ನು ದೇವಾಲಯಗಳು ಹರಾಜು ಹಾಕುವುದು ನಮ್ಮಲ್ಲಿ ವಾಡಿಕೆ. ಅಂಥ ಸೀರೆಗಳನ್ನೂ ಮನೆಯ ಪೆಟ್ಟಿಗೆಗಳಲ್ಲಿ ಉಳಿದ ಹಿರಿಯರ ಸೀರೆಗಳನ್ನೂ ಮಾದರಿಯಾಗಿಟ್ಟುಕೊಂಡು, ಮರೆಯಾಗುತ್ತಿದ್ದ ಅಂಚು ಬುಟ್ಟಾಗಳನ್ನು ನೇಕಾರರ ಕೈಯಿಂದ ಮರಳಿ ನೇಯಿಸಿದ್ದೇ ಆ ಸಂಸ್ಥೆಯ ಗುರುತಾಯಿತು.

ಇಂಥ ಹಳೆಯ ರೇಷ್ಮೆಯಲ್ಲಿ ಕಾಣಸಿಗುವ ಗಂಡಭೇರುಂಡವನ್ನೇ ನೋಡಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರ ಕಂಬದ ಮೇಲೆ ಅದು ಎರಡು ಹಕ್ಕಿತಲೆಯ ಮಾನವಾಕೃತಿ. ವಿಜಯನಗರದ ಅಚ್ಯುತದೇವರಾಯನ ಹೊನ್ನಿನ ನಾಣ್ಯದಲ್ಲಿ ಆನೆಗಳನ್ನು ಎತ್ತಿ ಹಿಡಿದ ಪಕ್ಷಿ. ಮೈಸೂರು ಒಡೆಯರ ಲಾಂಛನವೂ ಅದೇ, ಇಂದಿನ ಕರ್ನಾಟಕದ ರಾಜ್ಯಮುದ್ರೆಯಲ್ಲಿರುವುದೂ ಅದೇ. ಕಲ್ಲಿನಲ್ಲಿ, ಹೊನ್ನಿನಲ್ಲಿ ಅರಸರ ಬಲವನ್ನು ಸಾರಿದ ಹಕ್ಕಿ ನೂಲಿಗೆ ಇಳಿದಾಗ ಮದುವಣಗಿತ್ತಿಯ ಸೆರಗಿನ ಮಂಗಳಚಿಹ್ನೆಯಾಯಿತು. ಅರ್ಥ ಹೀಗೆ ಬದಲಾಗುತ್ತ ಬಂದದ್ದರಿಂದಲೇ ಆ ಚಿಹ್ನೆ ಬದುಕಿತು.

ಈಗ ಉಡುಪಿನ ಹೊಸ ಹೊಸ ಸಂಸ್ಥೆಗಳು ತಮ್ಮ ಹೆಸರಿಗೊಂದು ಚಹರೆಯನ್ನು ಹುಡುಕುತ್ತ ಚರಿತ್ರೆಯ ಬಾಗಿಲು ತಟ್ಟುತ್ತಿವೆ. ತಟ್ಟುವುದು ತಪ್ಪಲ್ಲ. ಆದರೆ ಗುಡಿಯ ಕಂಬದ ಚಿತ್ರವನ್ನು ಯಂತ್ರದ ಬಟ್ಟೆಯ ಮೇಲೆ ಅಚ್ಚೊತ್ತಿ, ಅದಕ್ಕೆ ಪರಂಪರೆಯೆಂದು ಹೆಸರಿಟ್ಟು ಮಾರಿದರೆ ಮಗ್ಗದವನಿಗೆ ಬಂದ ಫಲವೇನು? ಸೀರೆಯ ಒಂದು ವಿನ್ಯಾಸವೆಂದರೆ ಬರಿಯ ಚಿತ್ರವಲ್ಲ. ಹಾಸಿನ ಯಾವ ಎಳೆ ಏಳಬೇಕು, ಹೊಕ್ಕು ಎಲ್ಲಿ ಹಾಯಬೇಕು ಎಂಬ ಲೆಕ್ಕಾಚಾರ ಅದು. ನೇಯುವವರು ನಿಂತರೆ ಆ ಲೆಕ್ಕವೂ ಮರೆತುಹೋಗುತ್ತದೆ, ಚಿತ್ರವಷ್ಟೇ ಉಳಿಯುತ್ತದೆ.

ವಿಮೋರ್ ತನ್ನ ವಿನ್ಯಾಸಗಳನ್ನು ಬೀಗ ಹಾಕಿ ಇಟ್ಟುಕೊಳ್ಳದೆ ನೇಕಾರರೊಡನೆ ಹಂಚಿಕೊಂಡಿತು. ಅವರು ಅದನ್ನು ಬೇರೆಯವರಿಗೆ ನೇಯ್ದು ಮಾರಿದರೂ ತಕರಾರಿಲ್ಲ. ವ್ಯಾಪಾರದ ಕಣ್ಣಿಗೆ ಇದು ನಷ್ಟದ ಬಾಬತ್ತಾಗಿ ಕಾಣಬಹುದು. ಆದರೆ ಆ ಅಂಚು ಮೊದಲಿಗೆ ಯಾವ ಅಂಗಡಿಯ ಸ್ವತ್ತೂ ಆಗಿರಲಿಲ್ಲವಲ್ಲ! ಹೆಸರಿಲ್ಲದ ಅನೇಕ ಕೈಗಳು ನೇಯುತ್ತ ನೇಯುತ್ತ ತಿದ್ದಿದ್ದು ಅದು. ಚರಿತ್ರೆಯಿಂದ ಪಡೆದದ್ದನ್ನು ಅಂಥ ಕೈಗಳಿಗೇ ಮರಳಿಸುವ ಸಂಸ್ಥೆಗೆ, ಆ ಚರಿತ್ರೆಯನ್ನು ತನ್ನದೆಂದು ಹೇಳಿಕೊಳ್ಳುವ ಅಧಿಕಾರವೂ ಸಲ್ಲುತ್ತದೆ.