ಗೌಡ ಎಂಬ ಬಾಲ ಮತ್ತು ನನ್ನ ಮುತ್ತಜ್ಜ

ಕೆಲಸಕ್ಕೆ ಸೇರಿದ ಹೊಸತು. ಕಂಪನಿಯ ಫಾರಂನಲ್ಲಿ 'ಲಾಸ್ಟ್ ನೇಮ್' ಅಂತ ಒಂದು ಕಾಲಂ, ಪಕ್ಕದಲ್ಲಿ ಕೆಂಪು ನಕ್ಷತ್ರ. ತುಂಬದಿದ್ದರೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವುದು ಒಂದು ಹೆಸರು, ಅದರ ಹಿಂದೆ ಎರಡು ಇನಿಷಿಯಲ್. ಊರಿನದೊಂದು, ಅಪ್ಪನದೊಂದು. ಅಪ್ಪನ ಹೆಸರಿನ ಕೊನೆಯಲ್ಲಿ ಗೌಡ ಅಂತ ಇದೆಯಲ್ಲ, ಅದನ್ನೇ ಕಿತ್ತು ಅಲ್ಲಿ ಅಂಟಿಸಿದೆ. ಎರಡು ವರ್ಷದ ನಂತರ ಕೆಲಸಕ್ಕೆ ಸೇರಿದ ನನ್ನ ತಮ್ಮ ಅದೇ ಜಾಗದಲ್ಲಿ ಊರಿನ ಹೆಸರು ಹಾಕಿಕೊಂಡ. ಹೀಗೆ ಒಂದೇ ಮನೆಯಲ್ಲಿ ಎರಡು ವಂಶ ಶುರುವಾದವು :-)

ನಾನು ಗೌಡನಾದ ಮೊದಲ ವಾರವೇ ಮಂಡ್ಯ ಕಡೆಯ ಸೀನಿಯರ್ ಒಬ್ಬರು ನನ್ನ ಬ್ಯಾಡ್ಜ್ ನೋಡಿ "ಓ, ನಮ್ಮೋರೇ!" ಅಂತ ಹೆಗಲ ಮೇಲೆ ಕೈ ಹಾಕಿ ಕಾಫಿಗೆ ಕರೆದುಕೊಂಡು ಹೋದರು. ಅರ್ಧ ಕಾಫಿ ಆಗುವಷ್ಟರಲ್ಲಿ "ಗಂಗಡಿಕಾರರೋ, ದಾಸ್ ಗೌಡ್ರೋ?" ಅಂತ ಕೇಳಿದರು. "ಸರ್, ನಾವು ಲಿಂಗಾಯತರು" ಅಂದೆ. ಅವರ ಮುಖದಲ್ಲಿ ಏನೋ ಒಂದು ಸ್ವಲ್ಪ ಇಳಿಯಿತು. "ಹಂಗಾದ್ರೆ ಗೌಡ ಅಂತ ಯಾಕ್ ಇಟ್ಕೊಂಡಿದೀರಾ?" ಅಂದರು. ಅವರ ತಪ್ಪೇನೂ ಇಲ್ಲ, ನಿಜವಾಗಿಯೂ ಗೊಂದಲವಾಗಿತ್ತು ಅವರಿಗೆ. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ನಮ್ಮದು ಮಾಚೇನಹಳ್ಳಿಯ ಮಗ್ಗುಲಿನ ಒಂದು ಸಣ್ಣ ಹಳ್ಳಿ. ಶಿವಮೊಗ್ಗ ಮತ್ತು ಭದ್ರಾವತಿ ನಡುವೆ ಬಸ್ಸಿನಲ್ಲಿ ಓಡಾಡಿದವರಿಗೆ ಮಾಚೇನಹಳ್ಳಿ ಅಂದರೆ ಕೈಗಾರಿಕಾ ಪ್ರದೇಶ, ಕೆಎಸ್‌ಆರ್‌ಪಿ ಪೊಲೀಸರು, ಅಷ್ಟೇ ನೆನಪಿರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತೀರ್ಥಹಳ್ಳಿ ಕಡೆ ಹೋದರೆ ಗೌಡ್ರು ಅಂದರೆ ಒಕ್ಕಲಿಗರು. ಪೂರ್ವಕ್ಕೆ ಚನ್ನಗಿರಿ ಕಡೆ ಹೋದರೆ ಊರ ಗೌಡ್ರು ಬಹಳ ಕಡೆ ಲಿಂಗಾಯತರು. ಕುರುಬರ ಹಟ್ಟಿಯಲ್ಲಿ ಅವರ ಯಜಮಾನನೂ ಗೌಡನೇ. ಘಟ್ಟ ಇಳಿದು ಅಂಕೋಲಾ ಕಡೆ ಹೋದರೆ ಹಾಲಕ್ಕಿಗಳೆಲ್ಲರೂ ಗೌಡರು. ಪದ್ಮಶ್ರೀ ಬಂದ ತುಳಸಿ ಗೌಡ ಆ ಸಮುದಾಯದವರು. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಇದ್ದವರು. ಅವರ ಶಿಫ್ಟಿನಲ್ಲಿ ಗೌಡ್ರೇ ಅಂತ ಕೂಗಿದರೆ ನಾಲ್ಕು ಜಾತಿಯವರು ತಿರುಗಿ ನೋಡುತ್ತಿದ್ದರಂತೆ.

ಇದರ ನಡುವೆ ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡ. ಅವನೂ ಅಲ್ಲಿ ಗೌಡ. ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮಿನ ಗುಂಪು 'ಎಲ್' ಅಂತ ಬಂತು. ಪಾಕಿಸ್ತಾನದಿಂದ ಹಿಡಿದು ದಕ್ಷಿಣ ಭಾರತದವರೆಗೆ ಸಿಗುವ ಗುಂಪು ಅದು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಅವನು "ಇದು ನಮ್ಮ ಗೌಡರ ಡಿಎನ್‌ಎ, ಸಿಂಧೂ ಕಣಿವೆಯದ್ದು" ಅಂತ ಹಾಕಿದ. ದೊಡ್ಡಪ್ಪ ಕೈ ಮುಗಿದ ಚಿತ್ರ ಕಳಿಸಿದರು. ನನಗೆ ಆ ಸೀನಿಯರ್ ನೆನಪಾದರು. ಗೌಡರ ಡಿಎನ್‌ಎ ಅಂತ ಒಂದು ಇರುವುದಾದರೆ ಅದು ಯಾರ ಹತ್ತಿರ ಇದೆ? ಅವರ ಹತ್ತಿರವೋ, ನಮ್ಮ ಹತ್ತಿರವೋ?

ಸರಿ, ಮೊದಲು ಪದ ನೋಡೋಣ. ಬಾದಾಮಿ ಚಾಲುಕ್ಯರ, ಗಂಗರ ಕಾಲದ ಶಾಸನಗಳಲ್ಲಿ ಇದು 'ಗಾಮುಂಡ'. ಆಮೇಲೆ 'ಗಾವುಂಡ'. ಕುಮಾರ ಕುವರನಾದ ಹಾಗೆ ಇಲ್ಲಿಯೂ ಮಕಾರ ವಕಾರವಾಗಿದೆ. ತೋಂಟ ತೋಟವಾದ ಹಾಗೆ ಸೊನ್ನೆಯೂ ಬಿದ್ದು ಹೋಗಿ ಗವುಡ, ಗೌಡ. ಮೂಲ ಸಂಸ್ಕೃತದ 'ಗ್ರಾಮ'ದಿಂದ ಹುಟ್ಟಿದ್ದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಗ್ರಾಮವೃದ್ಧವೋ ಗ್ರಾಮಕೂಟವೋ ಅನ್ನುವುದರಲ್ಲಿ ಜಗಳ ಇದೆ, ಅದು ಅವರಿಗಿರಲಿ. ತಮಿಳುನಾಡಿನ ಕೊಂಗು ಸೀಮೆಯ 'ಕವುಂಡರ್' ಇದೇ ಪದದ ದಾಯಾದಿ. ಬಂಗಾಳದ ಗೌಡ ದೇಶಕ್ಕೂ ನಮಗೂ ಸಂಬಂಧ ಕಟ್ಟುವವರು ಮಾತ್ರ ಆ ಹಳೆಯ 'ಮ'ಕಾರವನ್ನು ಒಮ್ಮೆ ನೋಡಬೇಕು. ಈಗ ಒಂದೇ ಥರ ಕೇಳಿಸುತ್ತದೆ, ಆಗ ಕೇಳಿಸುತ್ತಿರಲಿಲ್ಲ.

ಶಾಸನಗಳನ್ನು ಓದುತ್ತಾ ಹೋದರೆ ಒಂದು ವಿಷಯ ಬಹಳ ಬೇಗ ಗೊತ್ತಾಗುತ್ತದೆ. ಗಾವುಂಡ ಅನ್ನುವುದು ಕುಲವಲ್ಲ, ಹುದ್ದೆ. ನಮ್ಮ ಕಂಪನಿಯಲ್ಲಿ ಟೀಮ್ ಲೀಡ್, ಮ್ಯಾನೇಜರ್ ಇದ್ದ ಹಾಗೆ ಅಲ್ಲಿ ಊರಿಗೆ ಊರ್ಗಾವುಂಡ, ನಾಡಿಗೆ ನಾಳ್ಗಾವುಂಡ, ಅದಕ್ಕೂ ದೊಡ್ಡ ಪ್ರತಿಷ್ಠೆಯ ಪ್ರಭುಗಾವುಂಡ. ಕಂದಾಯ ಎತ್ತುವುದು, ದೇವಸ್ಥಾನಕ್ಕೆ ದತ್ತಿ ಬಿಡುವಾಗ ಸಾಕ್ಷಿ ನಿಲ್ಲುವುದು, ಕೆರೆ ಕಟ್ಟಿಸುವುದು, ದನ ಹೊಡೆದುಕೊಂಡು ಹೋಗುವ ಕಳ್ಳರ ಹಿಂದೆ ಓಡಿ ಹೋಗಿ ಸಾಯುವುದು. ಈ ಕೊನೆಯ ಕೆಲಸದ್ದೇ ವೀರಗಲ್ಲುಗಳು ಶಿಕಾರಿಪುರ, ಸೊರಬದ ಹೊಲಗಳ ಬದಿಯಲ್ಲಿ ಈಗಲೂ ನಿಂತಿವೆ. ಬಿ. ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಗಾವುಂಡರಿಲ್ಲದ ಊರು ಹುಡುಕುವುದು ಕಷ್ಟ. ಮಾಚಗಾವುಂಡ ಅಂತ ಹೆಸರುಗಳೂ ಬರುತ್ತವೆ. ಮಾಚೇನಹಳ್ಳಿಯೂ ಅಂಥ ಯಾವನೋ ಒಬ್ಬ ಮಾಚನ ಹಳ್ಳಿ ಇರಬಹುದು ಅನ್ನುವುದು ನನ್ನ ಊಹೆ, ಊಹೆ ಮಾತ್ರ.

ಇವರೆಲ್ಲರಲ್ಲಿ ನನಗೆ ಬಹಳ ಇಷ್ಟವಾದದ್ದು ಜಕ್ಕಿಯಬ್ಬೆ. ಶಿಕಾರಿಪುರ ತಾಲೂಕಿನ ಬಂದಳಿಕೆಯ ಶಾಸನದ ಹೆಣ್ಣುಮಗಳು. ಕಾಲ 10ನೇ ಶತಮಾನದ ಆರಂಭ, ರಾಷ್ಟ್ರಕೂಟ ಇಮ್ಮಡಿ ಕೃಷ್ಣ ಆಳುತ್ತಿದ್ದಾಗ. ನಾಗರಖಂಡ ಎಪ್ಪತ್ತಕ್ಕೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೇ ಕೊಟ್ಟರು. ಅವಳು ಚೆನ್ನಾಗಿ ಆಡಳಿತ ನಡೆಸಿದಳು ಅಂತ ಶಾಸನ ಹೊಗಳುತ್ತದೆ. ಕೊನೆಗೆ ಕಾಯಿಲೆ ಬಿದ್ದಾಗ ಮಗಳಿಗೆ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟಳು. ಇಲ್ಲಿ ಗಾವುಂಡಿಕೆ ಗಂಡನಿಂದ ಹೆಂಡತಿಗೆ ಬಂತು. ವೈ ಕ್ರೋಮೋಸೋಮ್ ಹುಡುಕಿಕೊಂಡು ಹೋದರೆ ಅಲ್ಲಿಯೇ ದಾರಿ ತಪ್ಪುತ್ತೇವೆ.

ಇನ್ನೊಂದು ನಮ್ಮ ಜಿಲ್ಲೆಯದೇ. ಕೆಳದಿ ಸಂಸ್ಥಾನದ ಮೂಲಪುರುಷ ಚೌಡಪ್ಪ ಗೌಡ, 1499ರ ಹೊತ್ತಿಗೆ. ಅವನ ಮಗ ಸದಾಶಿವ ನಾಯಕ. ವಿಜಯನಗರದವರು 'ನಾಯಕ' ಪದವಿ ಕೊಟ್ಟರು, ಹೆಸರು ಬದಲಾಯಿತು. ಇವತ್ತಿನ ಲೆಕ್ಕದಲ್ಲಿ ಅಪ್ಪನದೊಂದು ಸರ್‌ನೇಮ್, ಮಗನದೊಂದು. ನಾನು ಮತ್ತು ನನ್ನ ತಮ್ಮ ಮಾಡಿದ್ದೇನೂ ಹೊಸದಲ್ಲ ನೋಡಿ.

ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದಾಗಲೂ ಗೌಡ ಅಂದರೆ ಊರಿನ ಮುಖ್ಯಸ್ಥನೇ. ಆಮೇಲೆ ಸರ್ಕಾರಿ ಕಾಗದಗಳಲ್ಲಿ ಅದು 'ಪಟೇಲ' ಆಯಿತು. ಲೆಕ್ಕ ಬರೆಯುವುದಕ್ಕೆ ಶಾನುಭೋಗ. ಇಬ್ಬರದೂ ವಂಶಪಾರಂಪರ್ಯ. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಅವತ್ತಿಗೆ ಈ ಹುದ್ದೆ ಕಾನೂನಿನ ಪ್ರಕಾರ ಮುಗಿಯಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಆಮೇಲೆ ಪಾಸ್‌ಪೋರ್ಟು, ವೀಸಾ, ಕೆಂಪು ನಕ್ಷತ್ರದ ಫಾರಂಗಳು ಬಂದು ಅದನ್ನು ಸರ್‌ನೇಮ್ ಮಾಡಿದವು. ಅಜ್ಜನ ಹಳೆಯ ಪಹಣಿ ತೆಗೆದು ನೋಡಿದೆ. ಅಲ್ಲಿ ಸರ್‌ನೇಮ್ ಅನ್ನುವುದೇ ಇಲ್ಲ, ಇಂಥವನು 'ಬಿನ್' ಇಂಥವನು ಅಂತ ಇದೆ. ಹೆಂಗಸರಾದರೆ 'ಕೋಂ'. ಅರಬ್ಬರ ಆ 'ಬಿನ್' ನಮ್ಮ ಗದ್ದೆಗೆ ಬಂದು ಕೂತಿದೆ!

ಇಂಗ್ಲೆಂಡಿನಲ್ಲಿ ವಿಷಯ ಬೇರೆ. ಅಲ್ಲಿ ಸರ್‌ನೇಮ್‌ಗಳು ಹಲವು ನೂರು ವರ್ಷಗಳಿಂದ ಅಪ್ಪನಿಂದ ಮಗನಿಗೆ ಹೋಗುತ್ತಿವೆ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ತನ್ನದೇ ಸೈಕ್ಸ್ ಹೆಸರಿನ 48 ಗಂಡಸರ ವೈ ಕ್ರೋಮೋಸೋಮ್ ನೋಡಿ 2000ದಲ್ಲಿ ಲೇಖನ ಬರೆದ. ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ಒಂದೇ ಗುರುತು ಸಿಕ್ಕಿತ್ತು. ನಮ್ಮ ದೊಡ್ಡಪ್ಪನ ಮಗನ ತಲೆಯಲ್ಲಿ ಇದ್ದದ್ದು ಈ ಮಾದರಿ. ಆದರೆ ಊರೂರಿಗೂ ಒಬ್ಬೊಬ್ಬ ಬೇರೆ ಬೇರೆ ಜಾತಿಯ ಗೌಡ ಇರುವ ನಾಡಿನಲ್ಲಿ ಅದು ನಡೆಯುವುದಿಲ್ಲ. ಎಲ್, ಎಚ್, ಆರ್1ಎ, ಆರ್2 ಈ ಗುಂಪುಗಳೆಲ್ಲ ದಕ್ಷಿಣದ ಹತ್ತಾರು ಜಾತಿಗಳಲ್ಲಿ ಕಲಸಿಕೊಂಡಿವೆ.

ಹಾಗಂತ ನಮ್ಮ ಡಿಎನ್‌ಎಯಲ್ಲಿ ಚರಿತ್ರೆಯೇ ಇಲ್ಲ ಅಂತಲ್ಲ. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ತಂಡ 2009ರಲ್ಲಿ ತೋರಿಸಿದ ಪ್ರಕಾರ ಇವತ್ತಿನ ಬಹುತೇಕ ಭಾರತೀಯರು ಹಳೆಯ ಜನಸಮುದಾಯಗಳ ಮಿಶ್ರಣ. ಈ ಮಿಶ್ರಣ ನಡೆದದ್ದು ಸುಮಾರು 4200ರಿಂದ 1900 ವರ್ಷಗಳ ಹಿಂದೆ ಅಂತ 2013ರ ಲೆಕ್ಕ. ಅದಾದ ಮೇಲೆ ತಮ್ಮತಮ್ಮೊಳಗೇ ಮದುವೆ ಮಾಡಿಕೊಳ್ಳುವುದು ಗಟ್ಟಿಯಾಯಿತು. ಗಮನಿಸಿ, ಗಾಮುಂಡ ಅನ್ನುವ ಪದ ನಮ್ಮ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಬೆರಕೆ ಮುಗಿದು ಬಾಗಿಲು ಹಾಕಿಯಾಗಿತ್ತು. ಅಂದರೆ ಡಿಎನ್‌ಎಯಲ್ಲಿ ಕಾಣುವುದು ಯಾರ ಮನೆಗೆ ಹೆಣ್ಣು ಕೊಟ್ಟೆವು, ಯಾರ ಮನೆಯಿಂದ ತಂದೆವು ಅನ್ನುವ ಲೆಕ್ಕ. ಯಾರಿಗೆ ಪಟೇಲಿಕೆ ಇತ್ತು ಅನ್ನುವುದಲ್ಲ.

ಈ ಬಾಗಿಲು ಹಾಕಿಕೊಂಡದ್ದರ ಪರಿಣಾಮಕ್ಕೆ ದೂರ ಹೋಗಬೇಕಿಲ್ಲ, ಸಾಗರ ತಾಲೂಕಿನ ಹಂದಿಗೋಡು ಸಾಕು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲು ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂತು. ಗದ್ದೆಯ ಏಡಿ ತಿಂದು, ಕೀಟನಾಶಕದ ವಿಷದಿಂದ ಬಂತು ಅಂತ ಮೊದಲು ಅನುಮಾನ. ಆಮೇಲೆ ಅದು ವಂಶವಾಹಿಯಿಂದ ಇಳಿದು ಬರುವ ಮೂಳೆಯ ಕಾಯಿಲೆ ಅಂತ ಗೊತ್ತಾಯಿತು. ಚಿಕ್ಕ ಸಮುದಾಯ, ಒಳಗೊಳಗೇ ಮದುವೆ. ಯಾವ ಸರ್‌ನೇಮೂ ಇಲ್ಲದ ಜನ ಅವರು. ನಾವು ವಾಟ್ಸಾಪಿನಲ್ಲಿ ಹೆಮ್ಮೆ ಪಡುವುದಕ್ಕೆ ಹುಡುಕುವ ವಂಶವಾಹಿ ಅಲ್ಲಿ ತಲೆಮಾರುಗಳ ನೋವು.

ಇಷ್ಟೆಲ್ಲ ಓದಿಕೊಂಡು ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಹತ್ತು ತಲೆಮಾರು ಹಿಂದೆ ಹೋದರೆ ವಂಶವೃಕ್ಷದಲ್ಲಿ 1024 ಜಾಗ ಇರುತ್ತವೆ, ವೈ ಕ್ರೋಮೋಸೋಮ್ ಅದರಲ್ಲಿ ಒಬ್ಬನ ಕಥೆ ಮಾತ್ರ ಹೇಳುತ್ತದೆ, ಅದೂ ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದರಿಂದ ಒಬ್ಬರೇ ಎರಡು ಮೂರು ಜಾಗದಲ್ಲಿ ಕೂತಿರುತ್ತಾರೆ, ಅಂತೆಲ್ಲ. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು.

"ಅದೆಲ್ಲ ನಂಗೆ ತಿಳಿಯಲ್ಲ ಮಗ. ಆದ್ರೆ ನಿಮ್ ಮುತ್ತಜ್ಜ ಈ ಊರೋನೇ ಅಲ್ವಲ್ಲೋ."

"ಮತ್ತೆ?"

"ಹೊನ್ನಾಳಿ ಕಡೆಯಿಂದ ಮನೆ ಅಳಿಯ ಆಗಿ ಬಂದೋನು. ಗೌಡಿಕೆ ಇದ್ದಿದ್ದು ನಿಮ್ ಮುತ್ತಜ್ಜಿ ಮನೇದು. ಅವಳ ಅಪ್ಪಂಗೆ ಗಂಡು ಮಕ್ಕಳಿರ್ಲಿಲ್ಲ. ಇವನು ಬರೋವಾಗ ಒಂದ್ ಜೊತೆ ಎತ್ತು ಹೊಡ್ಕೊಂಡ್ ಬಂದಿದ್ನಂತೆ, ಅಷ್ಟೇಯ."

ಅವತ್ತು ರಾತ್ರಿಯೇ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದ: "ಹಾಗಾದ್ರೆ ಈ ರಿಪೋರ್ಟು ಆ ಎತ್ತಿನವನದಾ?"