ಬಾಗಿಲು ಮುಚ್ಚಿದರೆ ವದಂತಿ ಹುಟ್ಟುತ್ತದೆ

ಅಧಿಕಾರದಲ್ಲಿರುವವರು ಜನರೊಂದಿಗೆ ಹೇಗೆ ಮಾತನಾಡಬೇಕು? ಖುಲಫಾಉರ್ರಾಶಿದೀನ್‌ಗಳ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ.

ಹಿಜರಿ 11ರಲ್ಲಿ, ಪ್ರವಾದಿವರ್ಯರು(ಸ) ವಫಾತಾದ ಮರುದಿನ, ಹಝ್ರತ್ ಅಬೂಬಕರ್ ಸಿದ್ದೀಕ್(ರ) ಮದೀನಾದ ಮಸೀದಿಯಲ್ಲಿ ಖಲೀಫರಾಗಿ ಮೊದಲ ಬಾರಿಗೆ ಮಾತನಾಡಿದರು. ಅದು ಕೆಲವೇ ಮಾತುಗಳ ಭಾಷಣ. ತಾನು ಎಲ್ಲರಿಗಿಂತ ಶ್ರೇಷ್ಠನಲ್ಲ, ಸರಿಯಾಗಿ ನಡೆದರೆ ಸಹಕರಿಸಿ, ತಪ್ಪಿದರೆ ತಿದ್ದಿರಿ, ಅಲ್ಲಾಹ್ ಮತ್ತು ರಸೂಲರ ಆಜ್ಞೆ ಮೀರಿದರೆ ನನ್ನನ್ನು ಅನುಸರಿಸಬೇಕಾಗಿಲ್ಲ ಎಂಬುದು ಅದರ ಸಾರ. ಜನರಿಗೆ ಪ್ರಶ್ನಿಸುವ ಹಕ್ಕನ್ನು ಆಳುವವರೇ ಮೊದಲ ದಿನ ಕೊಟ್ಟರು.

ಹಝ್ರತ್ ಉಮರ್(ರ)ರ ಕಾಲದಲ್ಲಿ ಕೂಫಾದ ಗವರ್ನರ್ ಆಗಿದ್ದವರು ಸಅದ್ ಬಿನ್ ಅಬೀ ವಕ್ಕಾಸ್(ರ). ಅವರ ನಿವಾಸದ ಪಕ್ಕದಲ್ಲೇ ಮಾರುಕಟ್ಟೆ. ಗದ್ದಲ ಹೆಚ್ಚಾದಾಗ ಅವರು ಬಾಗಿಲು ಇಡಿಸಿದರು. ಅಷ್ಟರಲ್ಲೇ, 'ಈ ಸದ್ದು ನಿಲ್ಲಿಸಿ' ಎಂದು ಸಅದ್ ಹೇಳಿದರಂತೆ ಎಂಬ ಮಾತು ಹಬ್ಬಿತು. ಸುದ್ದಿ ಮದೀನಾ ತಲುಪಿತು. ಉಮರ್(ರ) ಮುಹಮ್ಮದ್ ಬಿನ್ ಮಸ್ಲಮಾ(ರ)ರನ್ನು ಕಳಿಸಿದರು. ಅವರು ಕೂಫಾಕ್ಕೆ ಬಂದು, ಸೌದೆ ಖರೀದಿಸಿ, ಆ ಬಾಗಿಲನ್ನು ಸುಟ್ಟು, ಆತಿಥ್ಯವನ್ನೂ ಸ್ವೀಕರಿಸದೆ ಹಿಂದಿರುಗಿದರೆಂದು ತಬರಿಯ ಚರಿತ್ರೆ ಹೇಳುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ತಾನು ಹಾಗೆ ಹೇಳಿಲ್ಲವೆಂದು ಸಅದ್(ರ) ಆಣೆಯಿಟ್ಟು ತಿಳಿಸಿದರು. ಉಮರ್(ರ) ಅದನ್ನು ನಂಬಿದರು. ಅಂದರೆ ಗವರ್ನರ್ ಆ ಮಾತನ್ನು ಆಡಿರಲಿಲ್ಲ. ಆದರೆ ಬಾಗಿಲು ಮುಚ್ಚಿದ್ದರಿಂದ, ಅವರು ಆಡದ ಮಾತೂ ಅವರದ್ದೇ ಆಯಿತು.

ಈ ಪಾಠವನ್ನು ಹಝ್ರತ್ ಅಲಿ(ರ)ರು ಲಿಖಿತವಾಗಿಯೇ ಕೊಟ್ಟರು. ಮಾಲಿಕ್ ಅಲ್ ಅಶ್ತರ್‌ರನ್ನು ಈಜಿಪ್ಟಿಗೆ ಗವರ್ನರ್ ಆಗಿ ನೇಮಿಸಿದಾಗ ಅವರು ಬರೆದುದೆಂದು 'ನಹ್ಜುಲ್ ಬಲಾಗ'ದಲ್ಲಿ ಒಂದು ದೀರ್ಘ ಪತ್ರವಿದೆ. ಜನರಿಂದ ಬಹುಕಾಲ ಮರೆಯಾಗಿರಬೇಡಿ, ಮರೆಯಲ್ಲಿ ಕುಳಿತವರಿಗೆ ಸಣ್ಣದು ದೊಡ್ಡದಾಗಿಯೂ ದೊಡ್ಡದು ಸಣ್ಣದಾಗಿಯೂ ಕಾಣುತ್ತದೆ ಎನ್ನುತ್ತದೆ ಆ ಪತ್ರ. ಅಹವಾಲು ಹೇಳಲು ಬಂದವರೊಂದಿಗೆ ಕುಳಿತುಕೊಳ್ಳುವಾಗ ಕಾವಲುಗಾರರನ್ನು ದೂರವಿಡಬೇಕು. ಬಂದವರು ತಡವರಿಸದೆ ಮಾತನಾಡುವಂತಿರಬೇಕು. ಅನ್ಯಾಯವಾಗಿದೆಯೆಂದು ಜನ ಶಂಕಿಸಿದರೆ ಸಿಟ್ಟಾಗದೆ ನಿಮ್ಮ ಕಾರಣವನ್ನು ಬಹಿರಂಗವಾಗಿ ತಿಳಿಸಿ ಎಂಬ ಸಲಹೆಯೂ ಅದರಲ್ಲಿದೆ. ಮಾಲಿಕ್ ಈಜಿಪ್ಟ್ ತಲುಪುವ ಮೊದಲೇ ದಾರಿಯಲ್ಲಿ ಮರಣ ಹೊಂದಿದರು. ಪತ್ರ ಮಾತ್ರ ಉಳಿಯಿತು.

ಇದನ್ನು ಓದುವಾಗ ಮತ ಕೇಳಿ ಹೋದ ಮೇಲೆ ಕಾಣಿಸದ ನಾಯಕರು ನಮಗೆ ನೆನಪಾಗುವುದು ಸಹಜ. ಆದರೆ ನಮ್ಮ ಜಮಾಅತ್‌ಗಳ ಸ್ಥಿತಿ ಏನು? ವಾರ್ಷಿಕ ಸಭೆಯಲ್ಲಿ ಯುವಕನೊಬ್ಬ ಎದ್ದು ಲೆಕ್ಕ ಕೇಳಿದರೆ ನಾವು ಅವನಿಗೆ ಉತ್ತರ ಕೊಡುತ್ತೇವೆಯೇ, ಕುಳಿತುಕೋ ಎನ್ನುತ್ತೇವೆಯೇ? ಲೆಕ್ಕ ಸರಿಯಾಗಿದ್ದರೂ ಮೌನ ಸಂಶಯ ಹುಟ್ಟಿಸುತ್ತದೆ. ಕೂಫಾದಲ್ಲಿ ಆದದ್ದೂ ಅದೇ.

ಕೇಳುವ ಕಿವಿಯನ್ನೂ ಸತ್ಯ ಹೇಳುವ ನಾಲಗೆಯನ್ನೂ ಅಲ್ಲಾಹನು ನಮಗೂ ನಮ್ಮ ನಾಯಕರಿಗೂ ಕರುಣಿಸಲಿ. ಆಮೀನ್.