ಬಟವಾಡೆಗೆ ಮುಂಚಿನ ಉಳಿತಾಯ

ಮಕ್ಕಳಿಗೆ ಚಕ್ರಬಡ್ಡಿಯ ಲೆಕ್ಕ ಹೇಳಿಕೊಡುವ ಮೇಷ್ಟರು ತಮ್ಮ ಮುಪ್ಪಿನ ಲೆಕ್ಕವನ್ನು ಬಹುಕಾಲ ಸರ್ಕಾರಕ್ಕೇ ಬಿಟ್ಟಿದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಊರುಗಳು. ಇಲ್ಲಿನ ಸರ್ಕಾರಿ ಶಿಕ್ಷಕರ ಉಳಿತಾಯದ ರೂಢಿಗೂ ಆ ಸಂಸ್ಥಾನದ ಆಡಳಿತಕ್ಕೂ ನಂಟಿದೆ.

ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮೆಯನ್ನು ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ. ಏಕೀಕರಣದ ನಂತರ 1958ರ ನಿಯಮಗಳು ಈ ವಿಮೆಯನ್ನು ರಾಜ್ಯ ಸರ್ಕಾರಿ ನೌಕರರಿಗೆ ಕಡ್ಡಾಯಗೊಳಿಸಿದವು. ವಿಮೆಯ ಕಂತು, ಭವಿಷ್ಯ ನಿಧಿಯ ವಂತಿಗೆ ಎರಡೂ ವೇತನದ ಬಿಲ್ಲಿನಲ್ಲೇ ಕಡಿತವಾಗಿ, ಉಳಿದದ್ದು ಮಾತ್ರ ಬಟವಾಡೆಯಾಗುತ್ತಿತ್ತು. ನಿವೃತ್ತಿಯ ನಂತರ ಪಿಂಚಣಿ ಇದ್ದೇ ಇತ್ತು. ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಸಿಗುತ್ತಿತ್ತು. ಉಳಿಸಬೇಕೋ ಬೇಡವೋ, ಎಲ್ಲಿ ಉಳಿಸಬೇಕು ಎಂಬ ಪ್ರಶ್ನೆಗಳು ಶಿಕ್ಷಕರ ಮುಂದೆ ಬರುತ್ತಲೇ ಇರಲಿಲ್ಲ.

ಮದುವೆ, ಮನೆಕಟ್ಟುವ ಖರ್ಚಿಗೆ ಆಸರೆಯಾದದ್ದು ಪತ್ತಿನ ಸಹಕಾರ ಸಂಘ ಮತ್ತು ಚೀಟಿ. 20 ಮಂದಿ ತಿಂಗಳಿಗೆ ಸಾವಿರ ರೂಪಾಯಿಯಂತೆ ಹಾಕಿದರೆ ಚೀಟಿಯ ಮೊತ್ತ 20 ಸಾವಿರ. ತುರ್ತು ಇದ್ದವರು ಅದನ್ನು 16 ಸಾವಿರಕ್ಕೆ ಕೂಗಿದರೆ, ಬಿಟ್ಟುಕೊಟ್ಟ 4 ಸಾವಿರದಲ್ಲಿ ಚೀಟಿ ನಡೆಸುವವರ ಪಾಲು ಕಳೆದು ಉಳಿದದ್ದು ಸದಸ್ಯರಿಗೆ ಹಂಚಿಕೆಯಾಗುತ್ತದೆ. 1982ರ ಚೀಟಿ ನಿಧಿ ಕಾಯ್ದೆ ನೋಂದಣಿಯನ್ನು ವಿಧಿಸಿತಾದರೂ, ಪರಿಚಯದ ನಂಬಿಕೆಯ ಮೇಲೆ ನಡೆಯುವ ಕೈಚೀಟಿಗಳು ನಿಲ್ಲಲಿಲ್ಲ.

ಈ ವ್ಯವಸ್ಥೆ ಬದಲಾದದ್ದು 2006ರಲ್ಲಿ. ಆ ವರ್ಷದ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ರಾಜ್ಯ ಸರ್ಕಾರ ಹೊಸ ಪಿಂಚಣಿ ಯೋಜನೆಯನ್ನು ಅನ್ವಯಿಸಿತು. ಇಲ್ಲಿಯೂ ಕಡಿತವುಂಟು, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ಹಣ ಹೋಗುತ್ತದೆ, ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ. ಆದರೆ ಆ ಹಣ ಮಾರುಕಟ್ಟೆಯಲ್ಲಿ ಹೂಡಿಕೆಯಾಗುವುದರಿಂದ ಕೊನೆಗೆ ಬರುವ ಪಿಂಚಣಿ ಎಷ್ಟೆಂಬುದು ಮೊದಲೇ ನಿಗದಿಯಾಗಿಲ್ಲ. ಒಂದೇ ಶಾಲೆಯಲ್ಲಿ ಪಾಠ ಹೇಳುವ ಇಬ್ಬರು ಶಿಕ್ಷಕರ ಮುಪ್ಪನ್ನು ಸೇವೆಗೆ ಸೇರಿದ ದಿನಾಂಕವೇ ಬೇರ್ಪಡಿಸಿತು.

ಹಣ ಕೈಗೆ ಬರುವ ದಾರಿಯೂ ಬದಲಾಯಿತು. ರಶೀದಿ ಸ್ಟ್ಯಾಂಪಿನ ಮೇಲೆ ಸಹಿ ಹಾಕಿ ನೋಟು ಎಣಿಸಿಕೊಳ್ಳುತ್ತಿದ್ದ ಕಾಲ ಹೋಗಿ ಸಂಬಳ ಬ್ಯಾಂಕ್ ಖಾತೆಗೆ ಬಂತು. 2016ರಲ್ಲಿ ಆರಂಭವಾದ ಯುಪಿಐ ಆ ಖಾತೆಯನ್ನು ಮೊಬೈಲ್‌ಗೆ ತಂದಿತು. ಸಾಲದ ಆ್ಯಪ್‌ಗಳು, ಷೇರಿನ ಆಮಿಷಗಳು, ವಂಚಕರ ಕರೆಗಳು ಬರುವುದೂ ಅದೇ ಮೊಬೈಲ್‌ಗೆ.

ಹೀಗಾಗಿ ಬಿಲ್ಲು ಬರೆಯುವ ಗುಮಾಸ್ತರು ನೋಡಿಕೊಳ್ಳುತ್ತಿದ್ದ ಲೆಕ್ಕ ಈಗ ಶಿಕ್ಷಕರ ಹೆಗಲೇರಿದೆ. ತಿಳಿಯಬೇಕಾದ ಸಂಗತಿಗಳು ಸಣ್ಣವು, ಆದರೆ ದುಬಾರಿಯಾಗಬಲ್ಲವು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. 2020ರಲ್ಲಿ 5 ಲಕ್ಷ ರೂಪಾಯಿಗೆ ಏರಿದ ಠೇವಣಿ ವಿಮೆಯ ರಕ್ಷಣೆ ಸಹಕಾರಿ ಬ್ಯಾಂಕಿಗೆ ಉಂಟು, ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಎರಡರ ಫಲಕದ ಮೇಲೂ ಸಹಕಾರ ಎಂಬ ಪದ ಇರುತ್ತದೆ. ನಿವೃತ್ತಿಯ ಗಂಟನ್ನು ಅಲ್ಲಿ ಇಡುವ ಮುನ್ನ ಅದರ ಮುಂದಿನ ಪದವನ್ನೂ ಓದಬೇಕು.